ಗಂಟೆಯಕ್ಕನ ಮೂರು ನಿಮಿಷ

ಅವಳಿಗೆ ಗಡಿಯಾರ ಬೇಕಿರಲಿಲ್ಲ. ಮೂವತ್ತಮೂರು ವರ್ಷ ಶಾಲೆಯ ಗಂಟೆ ಹೊಡೆದವಳು. ಗಂಟೆ ಅಂದರೆ ನಿಜವಾದ ಗಂಟೆಯೂ ಅಲ್ಲ, ಆಫೀಸು ಕೋಣೆಯ ಮುಂದೆ ತೂಗುಹಾಕಿದ್ದ ರೈಲುಕಂಬಿಯ ತುಂಡು. ಬಡಿಯುವುದಕ್ಕೆ ಒಂದು ಕಬ್ಬಿಣದ ಸಲಾಕೆ. ಮೊದಲು ಆ ಕೆಲಸ ಅವಳ ಗಂಡನದು. ಮದುವೆಯಾದ ಆರನೇ ವರ್ಷ ಅವನು ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟ. ಹೆಡ್‌ಮಾಸ್ತರು ಮನೆ ಬಾಗಿಲಲ್ಲಿ ನಿಂತು, "ಅವನ ಕೆಲಸ ನೀನು ಮಾಡ್ತೀಯೇನಮ್ಮಾ?" ಅಂತ ಕೇಳಿದರು. ಮಾಡುತ್ತೇನೆ ಅಂದಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಓಡಿಬಂದವಳನ್ನು ಕೊನೆಗೂ ಹಿಡಿದು ಶಾಲೆಗೆ ಹಾಕಿದರು ನೋಡಿ ಅಂತ ಅವಳ ತಂಗಿ ಕಂಡವರ ಮುಂದೆಲ್ಲ ಆಡಿಕೊಂಡಳು.

ಎರಡನೇ ವರ್ಷ ಶಾಲೆಯ ಗೋಡೆ ಗಡಿಯಾರ ಕೆಟ್ಟಿತು. ರಿಪೇರಿಗೆ ಹೋದದ್ದು ಒಂಬತ್ತು ವರ್ಷ ಬರಲೇ ಇಲ್ಲ. ಅಷ್ಟು ಕಾಲವೂ ಗಂಟೆ ಮಾತ್ರ ನಿಲ್ಲಲಿಲ್ಲ. ವರಾಂಡ ಒಂದು ಸಲ ಗುಡಿಸಿ, ನೀರಿನ ಹೂಜಿ ನಾಲ್ಕೂ ತುಂಬಿಸಿ, ಮೆಟ್ಟಿಲ ಮೇಲೆ ಕೂತು ಒಂದು ಸಲ ಬೆನ್ನು ನೆಟ್ಟಗೆ ಮಾಡಿಕೊಂಡರೆ ಒಂದು ಪೀರಿಯಡ್ಡು ಮುಗಿಯಿತು ಅಂತ ಅವಳ ಲೆಕ್ಕ. ಬರುಬರುತ್ತಾ ಗುಡಿಸುವುದೂ ಬೇಕಾಗಲಿಲ್ಲ. ಸುಮ್ಮನೆ ಕೂತಿದ್ದರೂ ಹೊತ್ತು ತುಂಬಿದಾಗ ಕೈ ತಾನಾಗಿ ಸಲಾಕೆಗೆ ಹೋಗುತ್ತಿತ್ತು. ಹೆಡ್‌ಮಾಸ್ತರು ಒಂದು ವಾರ ಕೈಗಡಿಯಾರ ಹಿಡಿದು ಪರೀಕ್ಷೆ ಮಾಡಿದರು. ಎಂಟನೇ ದಿನ ತಮ್ಮ ಗಡಿಯಾರವನ್ನೇ ಅವಳ ಗಂಟೆಗೆ ಸರಿಮಾಡಿಕೊಂಡರು. ಶಾಲೆಯ ಸುತ್ತಲಿನ ಬೀದಿಗಳಲ್ಲಿ ಒಲೆ ಹೊತ್ತುತ್ತಿದ್ದದ್ದು, ಅಂಗಡಿಗಳು ಮಧ್ಯಾಹ್ನ ಬಾಗಿಲು ಎಳೆಯುತ್ತಿದ್ದದ್ದು ಅವಳ ಕಂಬಿಯ ಸದ್ದಿಗೆ. ಊರೆಲ್ಲ ಅವಳನ್ನು ಗಂಟೆಯಕ್ಕ ಅಂದಿತು. ಮಾತು ಕಡಿಮೆ. ಇದ್ದ ಹೆಮ್ಮೆಯೂ ಒಂದೇ: ನನ್ನ ಹೊತ್ತು ಯಾರ ಮುಲಾಜಿಗೂ ಬಾಗುವುದಿಲ್ಲ ಅನ್ನುವುದು.

ತಂಗಿಯ ಬದುಕು ಬೇರೆ ಥರ. ಬಾಯಿ ಜೋರು, ತೋಳು ಅದಕ್ಕಿಂತ ಜೋರು. ಅವಳು ತೊಟ್ಟಿಸಾಲಿನಲ್ಲಿ ಬಟ್ಟೆ ಒಗೆಯುವವಳು. ಊರ ನಡುವೆ, ಆಸ್ಪತ್ರೆಗೂ ಮಾರುಕಟ್ಟೆಗೂ ಮಧ್ಯದ ಬಯಲಿನಲ್ಲಿ, ಹನ್ನೆರಡು ಕಲ್ಲಿನ ತೊಟ್ಟಿಗಳು ಸಾಲಾಗಿದ್ದವು. ಮೇಲೆ ತಗಡಿನ ಸೂರು, ಪಕ್ಕದಲ್ಲಿ ಬಟ್ಟೆ ಒಣಗಿಸಲು ತಂತಿ ಎಳೆದ ಜಾಗ. ಹನ್ನೆರಡು ತೊಟ್ಟಿಗೆ ಹನ್ನೆರಡು ಮನೆ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಲಾಡ್ಜಿನ ದಿಂಬಿನ ಚೀಲ, ಹೋಟೆಲಿನ ಮೇಜುಬಟ್ಟೆ, ಎಲ್ಲ ಅಲ್ಲೇ ಒಗೆದು ಅಲ್ಲೇ ಒಣಗುತ್ತಿತ್ತು. ತಂಗಿಯದು ಏಳನೇ ತೊಟ್ಟಿ. ಗಂಡ ಇಸ್ತ್ರಿ ಹಾಕುತ್ತಿದ್ದ, ಇವಳು ಒಗೆಯುತ್ತಿದ್ದಳು. ಅವನು ಸೊಂಟ ಹಿಡಿದು ಮಲಗಿದ ಮೇಲೆ ಮನೆ ನಡೆದದ್ದು ಆ ಒಂದು ತೊಟ್ಟಿಯಿಂದ.

ಆ ಬಯಲಿನ ಮೇಲೆ ಬಸ್ಸಿನವರ ಕಣ್ಣು ಬಿತ್ತು. ಊರಿಗೆ ಸರಿಯಾದ ಬಸ್ ನಿಲ್ದಾಣ ಇರಲಿಲ್ಲ. ದೊಡ್ಡ ರಸ್ತೆಯ ತಿರುವಿನಲ್ಲೇ ಬಸ್ಸು ನಿಲ್ಲುತ್ತಿತ್ತು, ಜನ ಅಲ್ಲೇ ಹತ್ತಿ ಅಲ್ಲೇ ಇಳಿಯುತ್ತಿದ್ದರು, ಆಗಾಗ ಅಪಘಾತವೂ ಆಗುತ್ತಿತ್ತು. ತೊಟ್ಟಿಸಾಲು ಕಿತ್ತು ಅಲ್ಲಿ ನಿಲ್ದಾಣ ಕಟ್ಟಿ ಅಂತ ಅರ್ಧ ಊರು, ಹನ್ನೆರಡು ಮನೆಯ ಹೊಟ್ಟೆಗೆ ಹೊಡೆಯಬೇಡಿ ಅಂತ ಇನ್ನರ್ಧ. ನಾಲ್ಕು ವರ್ಷ ಇದೇ ಜಗಳ. ಕೌನ್ಸಿಲಿನವರು ಯಾವ ಕಡೆ ಕೈ ಎತ್ತಿದರೂ ಮುಂದಿನ ಸಲ ಮನೆಗೆ ಹೋಗುವುದು ಖಂಡಿತ ಅಂತ ಅವರಿಗೇ ಗೊತ್ತಿತ್ತು. ಕೊನೆಗೆ ಅವರು ಜಾಣತನ ಮಾಡಿ, ಊರವರೇ ಕೂತು ತೀರ್ಮಾನ ಮಾಡಲಿ, ಅವರು ಹೇಳಿದಂತೆ ನಾವು ನಡೆಯುತ್ತೇವೆ ಅಂತ ಬರೆದುಕೊಟ್ಟು ಕೈ ತೊಳೆದುಕೊಂಡರು.

ಹಾಗೆ ಬಂದದ್ದು ಚೀಟಿಸಭೆ. ಅದನ್ನು ನಡೆಸಿಕೊಡಲು ಹೊರಗಿನಿಂದ ಒಬ್ಬ ಹೆಂಗಸು ಬಂದರು, ಇಂಥ ಸಭೆ ಕಟ್ಟುವುದೇ ಅವರ ಕೆಲಸವಂತೆ. ಊರು ಅವರನ್ನು ಸಭೆ ಮೇಡಂ ಅಂತ ಕರೆಯಿತು. ಮೊದಲು ಐನೂರು ಮನೆಗೆ ಕಾಗದ ಹೋಯಿತು. ಬರುತ್ತೇವೆ ಅಂದವರ ಹೆಸರುಗಳನ್ನು ಡಬ್ಬಿಗೆ ಹಾಕಿ, ಎಲ್ಲರ ಎದುರಿಗೇ ಚೀಟಿ ಎತ್ತಿ ನಲವತ್ತು ಜನರನ್ನು ಆರಿಸಿದರು. ಅರ್ಧ ಹೆಂಗಸರು, ಅರ್ಧ ಗಂಡಸರು. ಮೇಲಿನ ಬೀದಿಯವರು, ಕೆಳಗಿನ ಬೀದಿಯವರು. ಓದಿದವರು, ಹೆಬ್ಬೆಟ್ಟಿನವರು, ಎಲ್ಲ ಊರಲ್ಲಿ ಇರುವಷ್ಟೇ ಅಳತೆಗೆ. ತೊಟ್ಟಿಸಾಲಿನವರ ನೆಂಟರು, ಬಸ್ ಮಾಲೀಕರ ನೆಂಟರು ಯಾರೂ ಇರಕೂಡದು ಅಂತ ಮೇಡಂ ಒಬ್ಬೊಬ್ಬರನ್ನೂ ಕೂರಿಸಿಕೊಂಡು ವಿಚಾರಿಸಿದರು. ಒಬ್ಬನ ಷಡ್ಡಕ ಬಸ್ಸಿನಲ್ಲಿ ಕಂಡಕ್ಟರ್ ಅಂತ ತಿಳಿದು ಅವನ ಚೀಟಿ ಬಿಟ್ಟು ಬೇರೆ ಎತ್ತಿದರು. ಅಷ್ಟು ಸಣ್ಣ ಜರಡಿ.

ಐದು ಶನಿವಾರದ ಸಭೆ, ಕೌನ್ಸಿಲ್ ಹಾಲಿನಲ್ಲಿ. ಐದೈದು ಜನಕ್ಕೆ ಒಂದು ದುಂಡು ಮೇಜು, ಪ್ರತಿ ವಾರ ಜಾಗ ಬದಲು. ಮೊದಲ ವಾರ ಎಂಜಿನಿಯರು, ಆಸ್ಪತ್ರೆಯವರು, ಪೊಲೀಸರು ಬಂದು ಕೇಳಿದ್ದಕ್ಕೆ ಉತ್ತರ ಹೇಳಿ ಹೊರಗೆ ಹೋಗಬೇಕು. ಆಮೇಲೆ ನಲವತ್ತು ಜನರೂ ಒಬ್ಬೊಬ್ಬರಾಗಿ ಎದ್ದು ಮಾತಾಡಬೇಕು. ಒಬ್ಬರಿಗೆ ಮೂರು ನಿಮಿಷ. ಹೆಚ್ಚಿಲ್ಲ, ಕಡಿಮೆ ಇಲ್ಲ, ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. "ಇದೊಂದು ನಿಯಮ ಸಡಿಲವಾದರೆ ಸಭೆಯೇ ಸಡಿಲ," ಅಂದರು ಮೇಡಂ.

ಮೊದಲ ಶನಿವಾರ ಹೊತ್ತು ನೋಡಲು ಮೇಡಂ ತಮ್ಮ ಫೋನನ್ನೇ ಇಟ್ಟರು. ಪ್ರಯೋಗಕ್ಕೆ ಅಂತ ಒಬ್ಬ ಲಾರಿ ಡ್ರೈವರ್ ಎದ್ದ. ಐವತ್ತು ದಾಟಿದ ಆಳು, ಹಾಲೇ ತುಂಬುವಂಥ ಗಂಟಲು. ಫೋನು ಕೀಚ್ ಕೀಚ್ ಅಂದದ್ದು ಅವನಿಗೆ ಕೇಳಿಸಲೇ ಇಲ್ಲ, ಏಳು ನಿಮಿಷ ಮಾತಾಡಿದ. ಎರಡನೆಯವರು ಎದ್ದಾಗ ಫೋನಿನಲ್ಲಿ ಹಾಡು ಶುರುವಾಯಿತು. ಮೇಡಂ ನೋಡಿ, "ಅತ್ತೆಯವರದು," ಅಂತ ಪೆಚ್ಚಾದರು.

"ಅತ್ತೆಗೆ ಮೂರು ನಿಮಿಷ ಸಾಲುತ್ತೇನ್ರೀ ಮೇಡಂ?" ಅಂದ ಲಾರಿ ಡ್ರೈವರ್. ಹಾಲಿಗೆ ಹಾಲೇ ನಕ್ಕಿತು.

ಆಗ ಯಾರೋ ಹಿಂದಿನಿಂದ, "ಗಂಟೆಯಕ್ಕನ್ನ ಕರೀರಿ," ಅಂದರು. ಹೌದು ಹೌದು ಅಂತ ಎಲ್ಲ ಮೇಜಿನಿಂದಲೂ ಕೂಗು ಬಂತು. ಮೇಡಂ ವಿಚಾರಿಸಿದರು, ಊರು ಅವಳ ಕಥೆ ಹೇಳಿತು. ರಿಟೈರಾಗಿ ಐದು ವರ್ಷ ಮನೆಯಲ್ಲಿದ್ದವಳನ್ನು ಕರೆತಂದರು. ಶಾಲೆಯಿಂದ ಒಂದು ಹಿತ್ತಾಳೆಯ ಕೈಗಂಟೆಯೂ ಬಂತು. ಮೇಡಂ ತಮ್ಮ ಕೈಗಡಿಯಾರ ನೋಡುತ್ತ ಮೂರು ಸಲ ಪರೀಕ್ಷೆ ಮಾಡಿದರು, ಮೂರು ಸಲವೂ ಎರಡು ಸೆಕೆಂಡಿನ ಆಚೀಚೆ. "ಇದು ಹೇಗಮ್ಮಾ?" ಅಂತ ಕೇಳಿದರು.

"ಮೂರು ನಿಮಿಷ ಅಂದ್ರೆ ನಮ್ಮ ಬೀದಿ ಕೊಳಾಯೀಲಿ ಒಂದು ಕೊಡ ತುಂಬೋಷ್ಟು. ಕೊಡ ತುಂಬಿತಾ ಅಂತ ನೋಡ್ತೀನಿ, ಅಷ್ಟೇ."

ನಿಯಮ ಪಾಲಿಸುವ ವಿಷಯದಲ್ಲಿ ಮೇಡಂಗೆ ಇನ್ನೊಂದು ಅನುಕೂಲ ಸಿಕ್ಕಿತು. ನಲವತ್ತರಲ್ಲಿ ಇಪ್ಪತ್ತೆಂಟು ಜನ ಆ ಶಾಲೆಯಲ್ಲೇ ಓದಿದವರು. ಗಂಟೆ ಬಿದ್ದ ತಕ್ಷಣ ಕೂರುವುದು ಅವರ ಮೈಗೇ ಅಂಟಿತ್ತು. ಎರಡನೇ ಸಲ ಎದ್ದ ಲಾರಿ ಡ್ರೈವರ್ ಗಂಟೆ ಕೇಳಿದ್ದೇ ಅರ್ಧ ಮಾತು ನುಂಗಿ ದೊಪ್ಪನೆ ಕೂತ. ಕೂತ ಮೇಲೆ, ಅಯ್ಯೋ ನಾನ್ಯಾಕೆ ಕೂತೆ ಅನ್ನುವ ಹಾಗೆ ಅತ್ತ ಇತ್ತ ನೋಡಿದ.

ಒಂದು ವಿಷಯ ಮಾತ್ರ ಯಾರೂ ಕೇಳಲಿಲ್ಲ. ನಲವತ್ತು ಜನರನ್ನು ಜರಡಿ ಹಿಡಿದ ಮೇಡಂ, ಗಂಟೆ ಹಿಡಿದವಳನ್ನು ನಿಮಗೆ ತೊಟ್ಟಿಸಾಲಿನಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಲಿಲ್ಲ. ಏಳನೇ ತೊಟ್ಟಿಯವಳು ಅವಳ ಒಡಹುಟ್ಟಿದವಳು ಅನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಅದಕ್ಕೇ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೂ ಹೇಳಬೇಕು ಅನಿಸಲಿಲ್ಲ. ತಾನು ಮಾತಾಡುವವಳೂ ಅಲ್ಲ, ಕೈ ಎತ್ತುವವಳೂ ಅಲ್ಲ.

ತಂಗಿ ಬಿಡಬೇಕಲ್ಲ. ಬುಧವಾರ ಅಕ್ಕ ತೊಟ್ಟಿಯ ಹತ್ತಿರ ಹೋದಾಗ ಅವಳು ಮೊಣಕೈವರೆಗೂ ನೊರೆಯಲ್ಲಿದ್ದಳು.

"ಬಾರಮ್ಮ, ಮಹಾರಾಣಿ. ಸಭೇಲಿ ನಿನಗೂ ಕುರ್ಚಿ ಹಾಕಿದ್ದಾರಂತೆ."

"ಗಂಟೆ ಹೊಡೆಯೋಳಿಗೆ ಕುರ್ಚಿ ಬೇಡ್ವೇನೆ?"

"ಆ ಮೇಡಂ ಕಿವೀಲಿ ಒಂದು ಮಾತು ಹಾಕು. ಹನ್ನೆರಡು ಮನೆ ಇದನ್ನೇ ನಂಬ್ಕೊಂಡಿದ್ದಾವೆ ಅನ್ನು. ನಿನ್ನ ಗಂಟೆ ಏನು ಸವೆದು ಹೋಗುತ್ತಾ?"

"ನಾನು ಬಾಯಿ ತೆಗೆಯಲ್ಲ. ಆ ಹಾಲಲ್ಲಿ ನಾನು ಯಾರ ಅಕ್ಕಾನೂ ಅಲ್ಲ."

"ಓಹೋ! ಹಾಗಾದ್ರೆ ನಿನ್ನ ದುಪ್ಪಟಿ ಒಗೆಯೋಕೆ ಇಲ್ಲಿಗ್ಯಾಕೆ ತಂದೆ? ಯಾರ ತಂಗೀನೂ ಅಲ್ಲದೋಳ ಹತ್ತಿರ?" ಅಂದ ತಂಗಿ ದುಪ್ಪಟಿ ಕಿತ್ತುಕೊಂಡು ತೊಟ್ಟಿಗೆ ಎಸೆದಳು. ಬೈಯುತ್ತಲೇ ಒಗೆದು, ಸಂಜೆ ಮಡಿಸಿ ಮನೆಗೆ ತಂದುಕೊಟ್ಟಳು.

ಎರಡನೇ ಶನಿವಾರ ಇಪ್ಪತ್ತು ಜನ ಮಾತಾಡಿದರು, ಮೂರನೇ ಶನಿವಾರ ಉಳಿದ ಇಪ್ಪತ್ತು ಜನ. ಗಂಟೆಯಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಣ್ಣು ಅರೆ ಮುಚ್ಚಿಕೊಂಡು ಕೂತಿರುತ್ತಿದ್ದಳು. ಕೊಡ ತುಂಬಿತು, ಗಂಟೆ. ಕೊಡ ತುಂಬಿತು, ಗಂಟೆ. ತಿರುವಿನ ರಸ್ತೆಗೆ ಎರಡು ಉಬ್ಬು ಹಾಕಿದರೆ ಮುಗಿಯಿತು, ಡ್ರೈವರುಗಳು ನೋಡಿಕೊಂಡು ಓಡಿಸಿದರೆ ಮುಗಿಯಿತು, ಇದಕ್ಕೆ ತೊಟ್ಟಿ ಯಾಕೆ ಕೀಳಬೇಕು ಅಂತ ಬಹಳ ಜನ ಹೇಳಿದರು.

ಮೂರನೇ ವಾರ ಕೊನೆಗೆ ಎದ್ದವಳು ಅಂಚೆ ಕಚೇರಿಯ ಪಕ್ಕದಲ್ಲಿ ಹೊಲಿಗೆ ಹಾಕುವ ಹೆಂಗಸು. ಎರಡು ವರ್ಷದ ಹಿಂದೆ ಅವಳ ಗಂಡ ಅದೇ ತಿರುವಿನಲ್ಲಿ ಬಸ್ಸಿನ ಹಿಂದಿನ ಚಕ್ರಕ್ಕೆ ಸಿಕ್ಕಿ ಸತ್ತಿದ್ದ. ಅವಳು ಎದ್ದವಳೇ ಮಾತಿಗೆ ತಡಕಾಡಿದಳು. ಮೇಜಿನ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು, ಹೊಲಿಗೆ ನೋಡುವವಳ ಹಾಗೆ ಎಳೆದೆಳೆದು ನೋಡಿದಳು. ಹೊತ್ತು ಹೋಗುತ್ತಿತ್ತು. ಆಮೇಲೆ ಆ ದಿನ ಬೆಳಿಗ್ಗೆ ಅವನು ಯಾವ ಅಂಗಿ ಹಾಕಿಕೊಂಡಿದ್ದ, ಎಷ್ಟು ಗಂಟೆಗೆ ಹೊರಟ ಅಂತ ಶುರುಮಾಡಿದಳು. "ನಾನು ಹೇಳಬೇಕು ಅಂತಿರೋದು..." ಅಂದಳು. ಅಷ್ಟರಲ್ಲಿ ಗಂಟೆ ಬಿತ್ತು. ಅವಳೂ ಆ ಶಾಲೆಯಲ್ಲೇ ಓದಿದವಳು. ಪಟ್ಟನೆ ಕೂತಳು.

ಅವತ್ತು ಸಂಜೆ ಮೇಡಂ, ತೀರ್ಮಾನಕ್ಕಲ್ಲ, ಮನಸ್ಸು ತಿಳಿಯುವುದಕ್ಕೆ ಅಂತ ಕೈ ಎತ್ತಿಸಿದರು. ತೊಟ್ಟಿ ಇರಲಿ ಅಂದವರು ಇಪ್ಪತ್ತಮೂರು, ನಿಲ್ದಾಣ ಆಗಲಿ ಅಂದವರು ಹದಿನೇಳು. ಸುದ್ದಿ ಅಕ್ಕನಿಗಿಂತ ಮೊದಲೇ ತೊಟ್ಟಿಸಾಲು ತಲುಪಿತ್ತು. ತಂಗಿ ದಾರಿಯಲ್ಲೇ ಸಿಕ್ಕಿ, "ನಿನ್ನ ಕಾಲ್ಗುಣ ಕಣೇ ಅಕ್ಕ," ಅಂತ ನಡುಬೀದಿಯಲ್ಲೇ ತಬ್ಬಿಕೊಂಡಳು. ಮೈಯೆಲ್ಲ ಸೋಪಿನ ವಾಸನೆ.

ಮುಂದಿನ ಗುರುವಾರ ಟೈಪಿಸ್ಟ್ ಹೇಳಿಕಳಿಸಿದ. ಅವನು ಕೌನ್ಸಿಲಿನವನು. ಸಭೆಯ ಮಾತೆಲ್ಲ ಒಂದು ಪುಟ್ಟ ಯಂತ್ರದಲ್ಲಿ ಹಿಡಿದಿಟ್ಟು, ಆಮೇಲೆ ಕಿವಿಗೆ ಸಿಕ್ಕಿಸಿಕೊಂಡು ಕೇಳಿ ಬೆರಳಚ್ಚು ಮಾಡುವುದು ಅವನ ಕೆಲಸ. ಅದನ್ನು ಶನಿವಾರ ನಲವತ್ತು ಜನಕ್ಕೂ ಓದಲು ಕೊಡುತ್ತಿದ್ದರು. ಅವನೂ ಅವಳ ಶಾಲೆಯವನೇ, ಕೆಳಗಿನ ಬೀದಿಯ ಕೊನೆಯ ಮನೆಯಿಂದ ದಿನಾ ಓಡುತ್ತ ಬರುತ್ತಿದ್ದವನು. ಈಗ ತಲೆ ಮುಂದೆ ಬೋಳು.

ಅವನ ಕೋಣೆಯಲ್ಲಿ ಫೈಲಿನ ರಾಶಿ, ಒಂದು ಫ್ಯಾನು, ಗೋಡೆಯ ಮೇಲೆ ಗಡಿಯಾರ. ಸ್ಟೂಲು ಒರೆಸಿ ಕೂರಿಸಿದ.

"ಅಕ್ಕಾ, ಸಿಟ್ಟು ಮಾಡ್ಕೋಬೇಡಿ. ಪುಟಗಳು ಸಮ ಬರ್ತಿಲ್ಲ. ಕೆಲವರದು ಒಂದೂವರೆ ಪುಟ, ಕೆಲವರದು ಒಂದು ಪುಟಾನೂ ಇಲ್ಲ."

"ಕೆಲವರು ಗಡಗಡ ಅಂತಾರೆ, ಕೆಲವರು ತಡವರಿಸ್ತಾರೆ. ಅದಕ್ಕೆ ನಾನೇನು ಮಾಡಲಿ?"

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಈ ಯಂತ್ರ ನಿಮಿಷಾನೂ ತೋರಿಸುತ್ತೆ."

"ಯಂತ್ರಕ್ಕೇನು ಗೊತ್ತು?" ಅಂದಳು ಗಂಟೆಯಕ್ಕ. ದನಿ ಸ್ವಲ್ಪ ಏರಿತ್ತು.

"ಯಂತ್ರ ಬೇಡ ಬಿಡಿ. ನೀವೇ ಗೋಡೆ ಗಡಿಯಾರ ನೋಡ್ತಾ ಕೇಳಿ."

ಮೊದಲು ಲಾರಿ ಡ್ರೈವರನ ಮಾತು ಹಾಕಿದ. ಅವನು ಎರಡೂ ಬೇಡ, ಮೊದಲು ರಸ್ತೆಯ ಗುಂಡಿ ಮುಚ್ಚಿ ಅಂದವನು. ಸೆಕೆಂಡಿನ ಮುಳ್ಳು ಮೂರು ಸುತ್ತು ಬಂದು ನಿಲ್ಲುವುದಕ್ಕೂ ಯಂತ್ರದೊಳಗೆ ಗಂಟೆ ಬೀಳುವುದಕ್ಕೂ ಸರಿಹೋಯಿತು. "ನೋಡಿದೆಯಾ?" ಅಂದಳು. ಅವನು ಇನ್ನೊಂದು ಹಾಕಿದ. ತೊಟ್ಟಿಸಾಲು ಉಳಿಯಲಿ ಅಂದ ಮೇಷ್ಟರ ಹೆಂಡತಿಯದು. ಮೂರು ಸುತ್ತು ಮುಗಿಯಿತು. ಮಾತು ನಡೆಯುತ್ತಲೇ ಇತ್ತು. ಮುಳ್ಳು ನಾಲ್ಕರ ಅಂಕೆ ದಾಟಿದ ಮೇಲೆ ಗಂಟೆ ಬಿತ್ತು. ಆಮೇಲೆ ನಿಲ್ದಾಣ ಬೇಕು ಅಂದ ಔಷಧಿ ಅಂಗಡಿಯವನದು. ಎರಡು ಸುತ್ತು, ಇನ್ನೊಂದು ಕಾಲು ಸುತ್ತು, ಗಂಟೆ. ಇನ್ನೊಬ್ಬರದು. ಇನ್ನೊಬ್ಬರದು. ತೊಟ್ಟಿ ಅಂದವರಿಗೆ ಹೆಚ್ಚು, ನಿಲ್ದಾಣ ಅಂದವರಿಗೆ ಕಡಿಮೆ. ಎರಡೂ ಅಲ್ಲದವರಿಗೆ ಕೂದಲೆಳೆಯಷ್ಟೂ ತಪ್ಪಿಲ್ಲ.

ಕೊನೆಗೆ ಹೊಲಿಗೆಯವಳದು. ಯಂತ್ರದಲ್ಲಿ ಬಹಳ ಹೊತ್ತು ಬರೀ ಫ್ಯಾನಿನ ಸದ್ದು, ಯಾರೋ ಕೆಮ್ಮಿದ್ದು. ಆಮೇಲೆ ಅಂಗಿಯ ವಿಷಯ. "ನಾನು ಹೇಳಬೇಕು ಅಂತಿರೋದು..." ಗಂಟೆ. ಎರಡು ನಿಮಿಷ ಐದು ಸೆಕೆಂಡು.

ಗಂಟೆಯಕ್ಕ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಅದು ತನ್ನ ಪಾಡಿಗೆ ತಿರುಗುತ್ತಿತ್ತು.

"ನಾನು ಬೇಕಂತ ಮಾಡಿಲ್ಲ ಕಣಪ್ಪ."

"ನನಗೆ ಗೊತ್ತಿಲ್ವೇ ಅಕ್ಕ?"

"ಮೂವತ್ತಮೂರು ವರ್ಷ ಒಂದು ದಿನ ಹೆಚ್ಚು ಕಡಿಮೆ ಆಗಿಲ್ಲ."

ಅವನು ತಲೆ ಕೆರೆದುಕೊಂಡು ನಕ್ಕ. "ದಿನಾ ಆಗ್ತಿತ್ತು. ಬೆಳಿಗ್ಗೆಯ ಗಂಟೆಗೆ ಹತ್ತು ಏಟು. ನಾನು ಬಾವಿ ಹತ್ತಿರ ಬರುವಾಗ ಒಂಬತ್ತು ಮುಗಿದಿರ್ತಿತ್ತು. ಹತ್ತನೇದು ನಾನು ಗೇಟು ದಾಟೋವರೆಗೂ ಬೀಳ್ತಿರಲಿಲ್ಲ. ಆ ಒಂದು ಏಟಿನ ಮೇಲೇ ನಾನು ಏಳನೇ ಕ್ಲಾಸು ದಾಟಿದ್ದು."

"ನಿನಗೋಸ್ಕರ ನಾನು ತಡೆದೇ ಇಲ್ಲ!"

"ತಡೆದಿಲ್ಲ ಅಂತ ನೀವಂದ್ಕೊಂಡಿದ್ದೀರಿ," ಅಂದ ಅವನು ಮೆತ್ತಗೆ. ಆಮೇಲೆ, "ಇದನ್ನ ನಾನು ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ಆದ್ರೆ ನಿಮಗೆ ಹೇಳ್ದೆ ಇರೋಕಾಗಲಿಲ್ಲ," ಅಂದ.

ಅವಳು ಅಲ್ಲಿಂದ ನೆಟ್ಟಗೆ ತೊಟ್ಟಿಸಾಲಿಗೆ ಹೋದಳು. ತಂಗಿ ಒಣಗಿದ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಒಂದು ತುದಿ ಅವಳು, ಒಂದು ತುದಿ ಇವಳು ಹಿಡಿದರು. ಮಡಿಸುತ್ತಾ ಮಡಿಸುತ್ತಾ ಎಲ್ಲ ಹೇಳಿದಳು.

ತಂಗಿ ಕೈ ನಿಲ್ಲಿಸಲಿಲ್ಲ. "ಯಾರ್ಯಾರಿಗೆ ಗೊತ್ತು?"

"ಅವನಿಗೆ. ನನಗೆ. ಈಗ ನಿನಗೆ."

"ಅವನು ಹೇಳಲ್ಲ ಅಂದಿದ್ದಾನೆ. ನಾನಂತೂ ಹೇಳಲ್ಲ. ಅಲ್ಲಿಗೆ ಮುಗೀತು."

"ನಾನಿದ್ದೀನಲ್ಲೇ."

"ನೀನು ಕಣ್ಣು ಮುಚ್ಕೊಂಡು ಹೊಡೆದೆ. ನೋಡಿ ನೋಡಿ ಹೊಡೆದಿದ್ರೆ ಅದು ಮೋಸ. ಇದೇನು ಮೋಸ? ಮೈ ಮಾಡಿದ್ದು. ಆಕಳಿಕೆ ಬಂದ ಹಾಗೆ."

"ಆ ಹೊಲಿಗೆಯೋಳು ಏನೋ ಹೇಳಬೇಕು ಅಂತಿದ್ದಳು."

"ಅವಳೇನು ಹೇಳ್ತಾಳೆ, ನಿಲ್ದಾಣ ಬೇಕು ಅಂತಾಳೆ. ಬೇಡ ಅಂದೋರು ಯಾರು? ಕಟ್ಕೊಳ್ಳಲಿ, ಬೇರೆ ಕಡೆ ಕಟ್ಕೊಳ್ಳಲಿ!" ತಂಗಿ ಬಟ್ಟೆಯನ್ನು ರಪ್ಪನೆ ಒದರಿದಳು. ಆಮೇಲೆ ದನಿ ಇಳಿಸಿದಳು. "ಅಕ್ಕ, ಮನೇಲಿ ಸೊಂಟ ಮುರ್ಕೊಂಡು ಮಲಗಿರೋನು ನನ್ನ ಗಂಡ. ನಿನ್ನ ಗಂಟೆ ಸರಿ ಇತ್ತು ಅಂತ ಊರು ಅಂದ್ರೆ ನಿನಗೆ ಸಮಾಧಾನ. ನನ್ನ ತೊಟ್ಟಿ ಹೋದ್ರೆ ನನಗೇನು?"

ಗಂಟೆಯಕ್ಕ ತಾನು ಹಿಡಿದಿದ್ದ ತುದಿಯನ್ನು ತಂಗಿಯ ಕೈಗೆ ಕೊಟ್ಟು ಮನೆಗೆ ಹೋದಳು. ಶನಿವಾರ ಬೆಳಿಗ್ಗೆ ಅವಳು ಸಭೆಯ ಹಾಲಿಗೆ ಹೋದಳು.

ಮೇಡಂ ಎದ್ದು ಎಲ್ಲರನ್ನೂ ಬರಮಾಡಿಕೊಳ್ಳುವ ಮೊದಲೇ ಗಂಟೆಯಕ್ಕ ಕುರ್ಚಿಯಿಂದ ಎದ್ದು, ಕೈಗಂಟೆಯನ್ನು ತಂದು ನಡುಮೇಜಿನ ಮೇಲೆ ಇಟ್ಟಳು. ಅದು ಸದ್ದು ಮಾಡದ ಹಾಗೆ ಒಳಗಿನ ನಾಲಿಗೆಯನ್ನು ಬೆರಳಲ್ಲಿ ಹಿಡಿದಿದ್ದಳು.

"ತೊಟ್ಟಿಸಾಲಿನ ಏಳನೇ ತೊಟ್ಟಿಯೋಳು ನನ್ನ ತಂಗಿ," ಅಂದಳು. "ನಿಮಗೆಲ್ಲ ಗೊತ್ತು. ಮೇಡಂಗೆ ಗೊತ್ತಿಲ್ಲ. ತೊಟ್ಟಿ ಇರಲಿ ಅಂದೋರಿಗೆ ನಾನು ಹೆಚ್ಚು ಹೊತ್ತು ಕೊಟ್ಟಿದ್ದೀನಿ. ನಿಲ್ದಾಣ ಬೇಕು ಅಂದೋರ ಹೊತ್ತು ಕಡಿದಿದ್ದೀನಿ. ಬೇಕಂತ ಮಾಡಿಲ್ಲ. ಬೇಕಂತ ಮಾಡಿದ್ರೂ ಇಷ್ಟೇ ಆಗ್ತಿತ್ತು. ಟೈಪಿಸ್ಟ್ ಹತ್ತಿರ ಎಲ್ಲ ಇದೆ, ನೋಡ್ಕೊಳ್ಳಿ."

ಮೇಡಂ ಕೈಲಿದ್ದ ನಿಯಮದ ಪುಸ್ತಕ ಮುಚ್ಚಿದರು. ಹನ್ನೊಂದು ಊರಲ್ಲಿ ಇಂಥ ಸಭೆ ಕಟ್ಟಿದವರು, ಎಲ್ಲ ಬಾಗಿಲಿಗೂ ಚಿಲಕ ಹಾಕಿದ್ದೇನೆ ಅಂದುಕೊಂಡಿದ್ದವರು. "ತಪ್ಪು ನಿಮ್ಮದಲ್ಲ ಅಮ್ಮಾ," ಅಂದರು ಕೊನೆಗೆ. "ನಾನು ನಿಮ್ಮನ್ನು ಕೇಳಬೇಕಿತ್ತು."

ಹಾಲಿನಲ್ಲಿ ಗುಜುಗುಜು ಎದ್ದಿತು. ಸಭೆಯನ್ನೇ ರದ್ದು ಮಾಡಿ ಅಂತ ಒಬ್ಬರು. ಗಂಟೆಯಕ್ಕನ ಮೇಲೆ ದೂರು ಬರೆಯಬೇಕು ಅಂತ ಔಷಧಿ ಅಂಗಡಿಯವನು. "ಲೇ, ನೀನು ದಿನಾ ಬಾಗಿಲು ತೆಗೆಯೋದು ಹತ್ತು ನಿಮಿಷ ಲೇಟು, ನಾವು ಯಾರಿಗೆ ಬರೆಯೋಣ?" ಅಂತ ಲಾರಿ ಡ್ರೈವರ್ ಅವನ ಬಾಯಿ ಮುಚ್ಚಿಸಿದ. ಆಮೇಲೆ ಅವನೇ ದಾರಿ ಹೇಳಿದ: "ಯಾರ ಹೊತ್ತು ಎಷ್ಟು ಕಡಿದಿದೆಯೋ ಅಷ್ಟು ವಾಪಸ್ಸು ಕೊಡಿ. ಹೆಚ್ಚು ಮಾತಾಡಿದೋರಿಂದ ಕಿತ್ಕೊಳ್ಳೋಕಂತೂ ಆಗಲ್ಲ."

ಹಾಗೇ ಆಯಿತು. ಹನ್ನೊಂದು ಜನಕ್ಕೆ ಹೊತ್ತು ಬಾಕಿ ಇತ್ತು. ಟೈಪಿಸ್ಟ್ ಗೋಡೆ ಗಡಿಯಾರ ಕಳಚಿ ತಂದು ಎಲ್ಲರಿಗೂ ಕಾಣುವ ಹಾಗೆ ಮುಂದಿಟ್ಟ. ಗಂಟೆಯಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಬರಿಗೈಯಲ್ಲಿ ಕೂತಳು. ಹತ್ತು ಜನ ಹೇಳಿದ್ದನ್ನೇ ಹೇಳಿದರು. ಔಷಧಿ ಅಂಗಡಿಯವನಿಗೆ ಮುಕ್ಕಾಲು ನಿಮಿಷ ಸಿಕ್ಕಿತ್ತು, ಅದರಲ್ಲಿ ಅರ್ಧ ಗಂಟೆಯಕ್ಕನನ್ನು ಬೈಯಲು ಕಳೆದ.

ಹೊಲಿಗೆಯವಳಿಗೆ ಐವತ್ತೈದು ಸೆಕೆಂಡು. ಈ ಸಲ ಅವಳು ಮೇಜಿನ ಬಟ್ಟೆ ಮುಟ್ಟಲಿಲ್ಲ.

"ಅವತ್ತು ಹೇಳಬೇಕು ಅಂತಿದ್ದದ್ದು ಇಷ್ಟೇ," ಅಂದಳು. "ಡ್ರೈವರು ನೋಡ್ಕೊಂಡು ಓಡಿಸಬೇಕು ಅಂತ ಎಲ್ಲರೂ ಅಂದ್ರಿ. ಆ ಡ್ರೈವರು ನೋಡ್ಕೊಂಡೇ ಓಡಿಸ್ತಿದ್ದ. ನಿಧಾನಕ್ಕೇ ಬಂದ. ಪೊಲೀಸರೂ ಹಾಗೇ ಬರ್ಕೊಂಡರು. ನನ್ನ ಗಂಡಾನೂ ನೋಡ್ಕೊಂಡೇ ಇಳಿದ, ಅವನು ಹುಟ್ಟಿನಿಂದಾನೇ ಹೆದರುಪುಕ್ಕಲ. ಇಬ್ಬರೂ ಜೋಪಾನವಾಗೇ ಇದ್ದರು. ಆದರೂ ಆಯಿತು. ಅಲ್ಲಿ ಬಸ್ಸಿನ ಹಿಂದಿನ ಚಕ್ರ ಯಾರಿಗೂ ಕಾಣಲ್ಲ. ತಪ್ಪಿರೋದು ಜಾಗದಲ್ಲಿ."

ಗಡಿಯಾರದಲ್ಲಿ ಇನ್ನೂ ಹತ್ತು ಸೆಕೆಂಡು ಉಳಿದಿತ್ತು. ಅವಳು ಕೂತಳು. ಉಬ್ಬು ಹಾಕಿದರೆ ಸಾಕು ಅಂದಿದ್ದವರು ಯಾರೂ ಅವತ್ತು ಮತ್ತೆ ಉಬ್ಬಿನ ಮಾತೆತ್ತಲಿಲ್ಲ.

ಐದನೇ ಶನಿವಾರ ಕೈ ಎತ್ತಿದಾಗ ನಿಲ್ದಾಣಕ್ಕೆ ಇಪ್ಪತ್ತಾರು, ತೊಟ್ಟಿಗೆ ಹದಿನಾಲ್ಕು. ಜೊತೆಗೆ ಒಂದು ಷರತ್ತು ಹಾಕಿದರು. ಆಸ್ಪತ್ರೆಯ ಹಿಂದಿನ ಜಾಗದಲ್ಲಿ ಹನ್ನೆರಡು ತೊಟ್ಟಿ ಮೊದಲು ಕಟ್ಟಬೇಕು, ನೀರು ಬಂದು ಒಂದು ತಿಂಗಳು ಕೆಲಸ ನಡೆಯಬೇಕು, ಆಮೇಲೆಯೇ ಹಳೆಯ ಸೂರಿನ ಒಂದು ತಗಡು ತೆಗೆಯಬಹುದು. ಆ ಷರತ್ತಿಗೆ ನಲವತ್ತು ಕೈಯೂ ಎದ್ದವು. ಮೇಡಂ ಹೊರಡುವ ಮುಂಚೆ ತಮ್ಮ ನಿಯಮದ ಪುಸ್ತಕದಲ್ಲಿ ಒಂದು ಸಾಲು ಸೇರಿಸಿ ಓದಿ ಹೇಳಿದರು: ಗಂಟೆ ಹೊಡೆಯುವವರನ್ನೂ, ಬರೆದುಕೊಳ್ಳುವವರನ್ನೂ, ಬಾಗಿಲು ಕಾಯುವವರನ್ನೂ ಚೀಟಿಯವರನ್ನು ಕೇಳಿದಂತೆಯೇ ಕೇಳಬೇಕು. "ಟೀ ಕೊಡೋನನ್ನೂ ಸೇರಿಸಿ ಮೇಡಂ, ನನಗೆ ಸಕ್ಕರೆ ಕಡಿಮೆ ಹಾಕ್ತಿದ್ದ," ಅಂದ ಲಾರಿ ಡ್ರೈವರ್.

ತಂಗಿ ಮಾತು ಬಿಟ್ಟಳು. ಬೈಯಲಿಲ್ಲ, ಅಳಲಿಲ್ಲ, ಬೀದಿಯಲ್ಲಿ ಎದುರು ಸಿಕ್ಕರೆ ಬುಟ್ಟಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡು ಹೋಗುತ್ತಿದ್ದಳು. ಗಂಟೆಯಕ್ಕ ತನ್ನ ದುಪ್ಪಟಿಯನ್ನು ತಾನೇ ಒಗೆದುಕೊಳ್ಳಲು ಶುರುಮಾಡಿದಳು. ಶಾಲೆಯವರು ವಾರ್ಷಿಕೋತ್ಸವಕ್ಕೆ ಬಂದು ಕಂಬಿ ಬಾರಿಸಿ ಅಂತ ಕರೆದರೆ, ಮೊಣಕೈ ನೋವು ಅಂದಳು. ಪೇಟೆಗೆ ಹೋಗಿ ಚರ್ಮದ ಪಟ್ಟಿಯ ಒಂದು ಕೈಗಡಿಯಾರ ತಂದಳು. ಕೈಗೆ ಕಟ್ಟಿಕೊಳ್ಳಲು ನಾಚಿಕೆಯಾಗಿ ಚೀಲದಲ್ಲಿ ಇಟ್ಟುಕೊಂಡು ಓಡಾಡಿದಳು.

ಹೊಸ ತೊಟ್ಟಿ ಎದ್ದು ನಿಲ್ಲಲು ಎಂಟು ತಿಂಗಳಾಯಿತು. ನೀರು ಬಿಟ್ಟ ದಿನ ಹನ್ನೆರಡು ಮನೆಯವರೂ ಅಲ್ಲಿದ್ದರು. ಗಂಟೆಯಕ್ಕ ದೂರದಲ್ಲಿ, ಆಸ್ಪತ್ರೆಯ ಗೋಡೆಯ ನೆರಳಲ್ಲಿ ನಿಂತು ನೋಡಿದಳು. ತೊಟ್ಟಿ ಹಳೆಯದಕ್ಕಿಂತ ಒಂದು ಗೇಣು ಎತ್ತರ, ಬಗ್ಗುವುದು ಕಡಿಮೆ. ಆದರೆ ಮಾರುಕಟ್ಟೆ ದೂರ, ಹೋಟೆಲಿನವರು ಇಷ್ಟು ದೂರ ಬಟ್ಟೆ ಕಳಿಸುತ್ತಾರೋ ಇಲ್ಲವೋ ಅಂತ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ತಂಗಿ ಇಲ್ಲಿಯೂ ಏಳನೇದನ್ನೇ ಹಿಡಿದಿದ್ದಳು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಕಲೆ ತೆಗೆಯುವ ಪುಡಿಯಲ್ಲಿ ನೆನೆಸಿದಳು. ಆ ಪುಡಿಯಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಬಟ್ಟೆ ಸುಟ್ಟುಹೋಗುತ್ತದೆ, ಕಡಿಮೆ ಬಿಟ್ಟರೆ ಕಲೆ ಹೋಗುವುದಿಲ್ಲ. ಹಳೆಯ ಜಾಗದಲ್ಲಿ ಮಾರುಕಟ್ಟೆಯ ಗೋಪುರದ ಗಡಿಯಾರ ಕಾಣುತ್ತಿತ್ತು. ಇಲ್ಲಿಂದ ಯಾವ ಗಡಿಯಾರವೂ ಕಾಣುವುದಿಲ್ಲ.

ತಂಗಿ ತಲೆ ಎತ್ತಿ ಅತ್ತ ಇತ್ತ ನೋಡಿದಳು. ಗೋಡೆಯ ನೆರಳಿನ ಕಡೆಗೆ ಕಣ್ಣು ಹೋಯಿತು.

"ಅಲ್ಲಿ ಕಂಬದ ಹಾಗೆ ನಿಂತಿರೋಳೇ," ಅಂತ ಕೂಗಿದಳು. "ಎಷ್ಟು ಹೊತ್ತಾಯ್ತೇ ಇದು ನೆನೆ ಹಾಕಿ?"

ಗಂಟೆಯಕ್ಕನಿಗೆ ಗೊತ್ತಿತ್ತು. ಮೈ ಹೇಳುತ್ತಿತ್ತು, ಹದಿನಾರು.

"ತಾಳೇ, ನೋಡಿ ಹೇಳ್ತೀನಿ," ಅಂದು ಅವಳು ಚೀಲಕ್ಕೆ ಕೈ ಹಾಕಿದಳು.